ಬಡಬಾಗ್ನಿ ಮತ್ತು ಬೌದ್ಧ ಸಮುದ್ರ

ಸಾಗರದ ಕಡೆಯ ನಮಗೆ ಪರಂಪರೆ ಎಂದರೆ ಕೆಳದಿ, ಇಕ್ಕೇರಿ, ಹೊಸನಗರದವರಿಗೆ ಹುಂಚ. ಬುದ್ಧ ಬೇಕೆಂದರೆ ಪುಸ್ತಕಕ್ಕೇ ಹೋಗಬೇಕು, ತೀರ್ಥಹಳ್ಳಿಯ ಕುವೆಂಪು ಬರೆದ ‘ಮಹಾರಾತ್ರಿ’ಯ ಸಿದ್ಧಾರ್ಥನ ಬಳಿಗೆ ಎಂದುಕೊಂಡಿದ್ದೆ, ಪಕ್ಕದ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಶಾಸನಗಳನ್ನು ಓದುವವರೆಗೆ.

ಈ ಶಾಸನಗಳನ್ನು ಉಲ್ಲೇಖಿಸುವವರಲ್ಲಿ ಎರಡು ಪಂಗಡ. ಒಬ್ಬರು 1129ರ ಶಾಸನ ಹಿಡಿದು, ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಇಲ್ಲಿ ಮಠಗಳಿದ್ದವು, ಎಂಥ ಸಾಮರಸ್ಯ ಎನ್ನುತ್ತಾರೆ. ಇನ್ನೊಬ್ಬರು 1036ರದನ್ನು ತೋರಿಸುತ್ತಾರೆ. ಅದರಲ್ಲಿ ಕಾಳಾಮುಖ ಗುರು ಲಕುಲೀಶ್ವರ ಪಂಡಿತನನ್ನು ಬೌದ್ಧರೆಂಬ ಸಮುದ್ರಕ್ಕೆ ಬಡಬಾಗ್ನಿ ಎಂದು ಹೊಗಳಲಾಗಿದೆ. ಬೌದ್ಧರನ್ನು ಸುಟ್ಟೇ ಹಾಕಿದರು ಎನ್ನಲು ಅಷ್ಟು ಸಾಕು.

ನನ್ನ ತಕರಾರು ಇಬ್ಬರ ಮೇಲೂ ಇದೆ. ಶಾಸನವೂ ಕಾವ್ಯವೇ, ಪ್ರಶಸ್ತಿ ಅದರ ಪ್ರಕಾರ. ಅದೇ ಪಂಡಿತ ಅಲ್ಲಿ ಮೀಮಾಂಸಕರೆಂಬ ಬೆಟ್ಟಕ್ಕೆ ವಜ್ರಾಯುಧ, ಲೋಕಾಯತವೆಂಬ ಮರಕ್ಕೆ ಗರಗಸ. ಮೀಮಾಂಸಕರು ವೈದಿಕರೇ ಅಲ್ಲವೆ? ಅವರನ್ನು ಯಾರೂ ಈ ಸಾಲಿಗಾಗಿ ಹುತಾತ್ಮರೆನ್ನುವುದಿಲ್ಲ. ಇದು ವಾದಸಭೆಯ ಗೆಲುವಿನ ಭಾಷೆ. ಇನ್ನು ರೂಪಕವನ್ನೇ ನೋಡಿ: ಬಡಬಾಗ್ನಿ ಸಮುದ್ರದೊಳಗೇ ಇರುತ್ತದೆ, ನೀರು ಕುಡಿಯುತ್ತಲೇ ಇರುತ್ತದೆ, ಸಮುದ್ರ ಬತ್ತುವುದಿಲ್ಲ. ಬತ್ತಿದರೆ ಬೆಂಕಿಗೂ ಮನೆಯಿಲ್ಲ. ಶಾಸನಕವಿ ಇಷ್ಟೆಲ್ಲ ಯೋಚಿಸಿದ್ದನೋ ಇಲ್ಲವೋ, ರೂಪಕಕ್ಕೆ ಅದು ಗೊತ್ತಿದೆ.

ಹಾಗೆಂದು ಸಾಮರಸ್ಯದವರು ಗೆದ್ದರೆಂದಲ್ಲ. 1162ರ, ಬಿಜ್ಜಳನ ಕಾಲದ ಶಾಸನದ ಪ್ರಕಾರ ಶೈವರ ಕೋಡಿಯ ಮಠದಲ್ಲಿ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತು. ಬಡವರಿಗೆ ಊಟ, ರೋಗಿಗಳಿಗೆ ಔಷಧಿಯೂ ಇತ್ತು. ಇದನ್ನು ಉದಾರತೆ ಎಂದು ಬಣ್ಣಿಸುವುದು ಸುಲಭ. ಆದರೆ ಸೋಲಿಸಬೇಕಾದವನ ಗ್ರಂಥವನ್ನು ಅವನಿಗಿಂತ ಚೆನ್ನಾಗಿ ಓದುವುದು ವಾದಿಯ ಅಗತ್ಯ. ಪ್ರೀತಿಯಿಲ್ಲದೆಯೂ ಅಷ್ಟು ಕಾಳಜಿಯಿಂದ ಓದಬಹುದು. ಇಂದು ನಾವು ಎದುರಾಳಿಯನ್ನು ಓದದೆಯೇ ಖಂಡಿಸುತ್ತೇವೆ, ಓದದೆಯೇ ಮೆಚ್ಚುತ್ತೇವೆ ಕೂಡ. ಹರಿಹರ ತನ್ನ ರಗಳೆಯಲ್ಲಿ ಅಲ್ಲಮನನ್ನು ಇದೇ ಊರಿನಲ್ಲಿ ನೆಲೆಗೊಳಿಸಿದ್ದಾನೆ. ಶೂನ್ಯದ ಮಾತು ಅಲ್ಲಮನಿಗೆ ಎಲ್ಲಿಂದ ಬಂತೆಂದು ಚರ್ಚಿಸುವವರು ಈ ಊರಿನ ಗದ್ದಲವನ್ನೂ ಕೊಂಚ ಕೇಳಿಸಿಕೊಳ್ಳಬೇಕು.

ನನಗೆ ಹೆಚ್ಚು ಇಷ್ಟವಾದದ್ದು ಅಲಂಕಾರವೇ ಕಡಿಮೆ ಇರುವ ಭಾಗ. ಬಡಬಾಗ್ನಿಯ ಹೊಗಳಿಕೆಯಾಗಿ ಮೂರು ದಶಕ ಕಳೆಯುವುದರೊಳಗೆ, 1065ರಲ್ಲಿ, ದಂಡನಾಯಕ ರೂಪಭಟ್ಟಯ್ಯ ಇದೇ ಊರಲ್ಲಿ ಜಯಂತೀ ಬೌದ್ಧ ವಿಹಾರ ಕಟ್ಟಿಸಿದ. ಪೂಜೆಗೆಂದು ದತ್ತಿ ಬಿಟ್ಟ ದೇವತೆಗಳ ಪಟ್ಟಿ ಹೀಗಿದೆ: ತಾರಾ ಭಗವತಿ, ಕೇಶವ, ಲೋಕೇಶ್ವರ, ಬುದ್ಧ. ಬೌದ್ಧ ವಿಹಾರದ ಪಟ್ಟಿಯಲ್ಲಿ ಕೇಶವ ಏಕೆ ಬಂದ ಎಂದು ಶಾಸನ ವಿವರಿಸುವ ಗೋಜಿಗೇ ಹೋಗುವುದಿಲ್ಲ. ಭೂಮಿಯ ಲೆಕ್ಕಕ್ಕೆ ಇಳಿಯುತ್ತದೆ.