ಹುಸಿಯಾದ ಭವಿಷ್ಯವಾಣಿ, ಅಳಿಯದ ನಂಬಿಕೆ

ವಾಟ್ಸಾಪ್‌ನಲ್ಲಿ ಹರಿದಾಡುವ ಸುಳ್ಳನ್ನು ಪುರಾವೆ ಸಮೇತ ಅಲ್ಲಗಳೆದರೂ ನಂಬಿದವರು ಕದಲುವುದಿಲ್ಲವೆಂಬ ಹತಾಶೆ ಪಾಲನಾ ಸೇವೆಯಲ್ಲಿರುವ ನಮಗೆ ಹೊಸದಲ್ಲ. ಈ ಹತಾಶೆಗೆ ಶಾಸ್ತ್ರೀಯ ಆಧಾರವೆಂದು ಉಲ್ಲೇಖಗೊಳ್ಳುವ ಕೃತಿ, ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1956ರಲ್ಲಿ ಪ್ರಕಟಿಸಿದ ‘ವೆನ್ ಪ್ರಾಫೆಸಿ ಫೇಲ್ಸ್’. ಅದನ್ನು ನಾವು ಅರ್ಧ ಮಾತ್ರ ಓದಿದ್ದೇವೆಂದು ತೋರುತ್ತದೆ.

1954ರ ಡಿಸೆಂಬರ್ 21ರಂದು ಪ್ರಳಯವಾಗುವುದೆಂದೂ ಹಾರುವ ತಟ್ಟೆಯೊಂದು ತಮ್ಮನ್ನು ರಕ್ಷಿಸುವುದೆಂದೂ ಅಮೆರಿಕದ ಶಿಕಾಗೋ ಪರಿಸರದ ಪುಟ್ಟ ಗುಂಪೊಂದು ನಂಬಿತ್ತು. ಪ್ರಳಯ ಬರಲಿಲ್ಲ. ತಮ್ಮ ಗುಂಪಿನ ದೆಸೆಯಿಂದಲೇ ಲೋಕ ಉಳಿಯಿತೆಂಬ ಹೊಸ ಸಂದೇಶ ಬಂದಿತು. ಅದುವರೆಗೆ ಪ್ರಚಾರಕ್ಕೆ ಹಿಂಜರಿಯುತ್ತಿದ್ದವರು ತಾವಾಗಿಯೇ ಪತ್ರಿಕೆಗಳನ್ನು ಸಂಪರ್ಕಿಸಿದರೆಂದು ಕೃತಿ ಹೇಳುತ್ತದೆ. ಎಲ್ಲರೂ ನೆನಪಿಡುವುದು ಇಷ್ಟನ್ನೇ.

ಆದರೆ ಕೃತಿಯ ತಿರುಳು ಬೇರೆಡೆ ಇದೆ. ಆ ರಾತ್ರಿ ಒಟ್ಟಾಗಿ ಕಾದವರಲ್ಲಿ ಬಹುಪಾಲು ಮಂದಿ ನಂಬಿಕೆಯನ್ನು ಉಳಿಸಿಕೊಂಡರು; ಕ್ರಿಸ್ಮಸ್ ರಜೆಗೆ ಮನೆಗೆ ಹೋಗಿ ಒಂಟಿಯಾಗಿ ಕಾದವರಲ್ಲಿ ಹೆಚ್ಚಿನವರ ನಂಬಿಕೆ ಸಡಿಲವಾಯಿತು ಇಲ್ಲವೇ ಅಳಿಯಿತು. ಪುರಾವೆ ಇಬ್ಬರಿಗೂ ಒಂದೇ, ಬೇರೆಯಾಗಿದ್ದುದು ಸಹವಾಸ. ಹಾಗಾದರೆ ಸುಳ್ಳನ್ನು ಹಿಡಿದಿಡುವುದು ಬುದ್ಧಿಯ ಮಾಂದ್ಯವಲ್ಲ, ತಾನು ಯಾರವನು ಎಂಬ ನಂಟು.

ಕೃತಿಯ ದೋಷವೂ ಇಲ್ಲಿಯೇ ಅಡಗಿದೆ. ಸಂಶೋಧಕರು ನಂಬಿಗಸ್ತರ ಸೋಗಿನಲ್ಲಿ ಗುಂಪನ್ನು ಸೇರಿದರು. ಅವರ ಆಗಮನವನ್ನೇ ಗುಂಪು ದೈವಸೂಚನೆಯೆಂದು ಬಗೆಯಿತು. ತಮ್ಮ ಉಪಸ್ಥಿತಿ ಪ್ರಭಾವ ಬೀರಿತೆಂದು ಲೇಖಕರೇ ಅನುಬಂಧದಲ್ಲಿ ಒಪ್ಪಿದ್ದಾರೆ. ಸಹವಾಸದ ಬಲವನ್ನು ಅಳೆಯಹೊರಟವರೇ ಅದನ್ನು ಹೆಚ್ಚಿಸಿದರೆ ಆ ಅಳತೆಯನ್ನು ಸಾರ್ವತ್ರಿಕ ನಿಯಮವೆನ್ನಲಾಗದು.

ದೇವಶಾಸ್ತ್ರದ ಓದುಗರಿಗೆ ಮತ್ತೊಂದು ಪ್ರಶ್ನೆಯಿದೆ. ಶಿಲುಬೆಯ ಸೋಲನ್ನು ಅರಗಿಸಿಕೊಳ್ಳಲಾಗದ ಶಿಷ್ಯರು ಪುನರುತ್ಥಾನವನ್ನು ಸಾರಿದರೇ? ಯೇಸುವಿನ ಯಾತನೆ ಶಿಷ್ಯರಿಗೆ ಅನಿರೀಕ್ಷಿತವಾಗಿತ್ತೇ ಎಂಬುದು ವಿವಾದಾಸ್ಪದವೆಂದು ಈ ಲೇಖಕರು ತೀರ್ಪು ನೀಡದೆ ಬಿಡುತ್ತಾರೆ. ಆ ಸಂಯಮ ಮೆಚ್ಚತಕ್ಕದ್ದು. ಆದರೂ ಪ್ರಶ್ನೆಗೆ ಬೆನ್ನು ತೋರಿಸುವುದು ನಮಗೆ ತರವಲ್ಲ, ಏಕೆಂದರೆ ಧರ್ಮಸಭೆಯೂ ಪರಸ್ಪರ ಆಸರೆಯಿಂದ ನಂಬುವ ಸಮುದಾಯವೇ.

ವ್ಯತ್ಯಾಸವನ್ನು ಸಂತ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯದಲ್ಲಿ ಕಾಣುತ್ತೇವೆ. ಉಳಿದವರ ಸಾಕ್ಷ್ಯವನ್ನು ತೋಮನು ಒಪ್ಪಲಿಲ್ಲ. ಎಂಟು ದಿನಗಳ ಬಳಿಕವೂ ಅವನು ಅವರ ನಡುವೆಯೇ ಇದ್ದನು. ಅವನನ್ನು ಯಾರೂ ಹೊರಗಟ್ಟಿರಲಿಲ್ಲ. ಇದು ಪುನರುತ್ಥಾನದ ಐತಿಹಾಸಿಕ ಪ್ರಶ್ನೆಯನ್ನು ಬಗೆಹರಿಸದಿದ್ದರೂ ಆ ಸಮುದಾಯದ ಸ್ವರೂಪವನ್ನು ತಿಳಿಸುತ್ತದೆ. ವದಂತಿಯ ಬಳಗ ಸಂಶಯಪಟ್ಟವನನ್ನು ದ್ರೋಹಿಯೆನ್ನುತ್ತದೆ. ಪ್ರೇಷಿತರ ಬಳಗ ಅವನಿಗೆ ಸ್ಥಳವನ್ನು ಉಳಿಸಿತ್ತು.

ಆದ್ದರಿಂದ ಪೀಠದಿಂದ ಸುಳ್ಳನ್ನು ಖಂಡಿಸಿದರೆ ನಮ್ಮ ಕರ್ತವ್ಯ ಮುಗಿಯದು. ಸುಳ್ಳನ್ನು ತೊರೆದು ಬರುವವನು ತನ್ನ ಬಳಗವನ್ನೂ ಕಳೆದುಕೊಳ್ಳುತ್ತಾನೆ. ಅವನನ್ನು ಹಂಗಿಸದೆ ಬರಮಾಡಿಕೊಳ್ಳುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇವೆಯೇ ಎಂಬುದನ್ನು ನಾವು ಮೊದಲು ವಿಚಾರಿಸಬೇಕು.