ಹತ್ತು ಕೋಳಿಗೆ ನೂರು ಡೋಸ್

2012ರಲ್ಲಿ ಹೆಸರಘಟ್ಟ, 2020ರಲ್ಲಿ ಮೈಸೂರು: ಹಕ್ಕಿಜ್ವರ ಸುದ್ದಿಯಾಗುತ್ತದೆ. ಸವದತ್ತಿ ತಾಲ್ಲೂಕಿನ ಉಗರಗೋಳದಂಥ ಊರುಗಳ ಹಿತ್ತಲ ಕೋಳಿಗಳಿಗೆ ಅದಕ್ಕಿಂತ ಹತ್ತಿರದ ಶತ್ರು ಕೊಕ್ಕರೆ ರೋಗ (ರಾಣಿಖೇತ್). ಅದು ಸುದ್ದಿಯಾಗುವುದಿಲ್ಲ.

‘ಲಸಿಕೆ ಹಾಕಿಸಿ’ ಎನ್ನುತ್ತವೆ ಕರಪತ್ರಗಳು. ಸಲಹೆ ಸರಿ, ಲೆಕ್ಕ ತಪ್ಪು. ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಅಥವಾ ಹೆಚ್ಚು ಡೋಸ್. ಮನೆಯಲ್ಲಿರುವುದು ಹತ್ತು ಕೋಳಿ. ಒಳಗಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಬೇಕು, ಕಲಸಿದ ಒಂದೆರಡು ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಬೇಸಿಗೆಯಲ್ಲಿ ಚೀಲದಲ್ಲಿ ಬಂದ ಸೀಸೆ ನೋಡಲು ಹಾಗೆಯೇ ಇರುತ್ತದೆ. ಶಕ್ತಿ ಮಾತ್ರ ಉಳಿದಿರುವುದಿಲ್ಲ. ಕೋಳಿ ಸತ್ತಾಗ ದೂರು ಲಸಿಕೆಯ ಮೇಲೆ.

ಹತ್ತು ಮನೆಗಳು ಕೂಡಿ ಒಂದು ದಿನ ಗೊತ್ತುಮಾಡಲಿ. ಸೀಸೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರಲಿ. ಕರಪತ್ರದಲ್ಲಿ ಬೇಕಾದದ್ದು ಈ ಎರಡು ಸಾಲು.