ಕಿಪ್ಲಿಂಗನ ಸಾಲ್ಮನ್

ಗಾಳ ಹಾಕುವವರ ಬರಹಗಳಲ್ಲಿ ಒಂದು ವಿಚಿತ್ರ ಗುಣವುಂಟು. ಹಿಡಿದ ಮೀನಿನ ತೂಕವನ್ನು ಅವು ಎಂದೂ ಮರೆಯುವುದಿಲ್ಲ. ಹೊಳೆಯ ದಡದಲ್ಲಿ ಬಾಳಿದ ಜನರನ್ನು ಮಾತ್ರ ಮರೆತುಬಿಡುತ್ತವೆ. ರಡ್ಯಾರ್ಡ್ ಕಿಪ್ಲಿಂಗನ ‘ಫ್ರಮ್ ಸೀ ಟು ಸೀ’ ಪ್ರವಾಸ ಲೇಖನಗಳಲ್ಲಿ ಅಮೆರಿಕದ ಸಾಲ್ಮನ್ ಮೀನನ್ನು ಕುರಿತ ಅಧ್ಯಾಯವನ್ನು ಈಚೆಗೆ ಮತ್ತೆ ಓದಿದಾಗ ನನಗೆ ಹೀಗೆನ್ನಿಸಿತು. ಆ ಅಧ್ಯಾಯದ ಸೊಗಸಿನ ವಿಷಯದಲ್ಲಿ ಸಂದೇಹವಿಲ್ಲ. ನನ್ನ ತಕರಾರು ಇರುವುದು ಆ ಸೊಗಸಿನ ಬಗೆಗೇ.

1889ರಲ್ಲಿ ಇಪ್ಪತ್ತಮೂರರ ಯುವಕ ಕಿಪ್ಲಿಂಗ್ ಕಲ್ಕತ್ತೆಯಿಂದ ಹೊರಟು ಬರ್ಮ, ಜಪಾನುಗಳನ್ನು ಹಾದು ಅಮೆರಿಕ ಸೇರಿದ. ದಾರಿಯುದ್ದಕ್ಕೂ ಅವನು ಬರೆದದ್ದು ಅಲಹಾಬಾದಿನ ‘ಪಯೊನಿಯರ್’ ಪತ್ರಿಕೆಗೆ. ಅದರ ಆಂಗ್ಲ ವಾಚಕರಿಗೆ ಗಾಳದ ಮಾತು ಹೊಸದಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಷ್ಟು ಹಿಂದೆಯೇ ‘ದಿ ರಾಡ್ ಇನ್ ಇಂಡಿಯಾ’ ಬರೆದು, ಸೆಣಸಾಟದಲ್ಲಿ ಸಾಲ್ಮನ್ನಿಗಿಂತ ಮಹಶೀರ್ ಮೀನೇ ಮೇಲೆಂದು ವಾದಿಸಿದ್ದ!

ಕಿಪ್ಲಿಂಗ್ ಮೊದಲು ನಮ್ಮನ್ನು ಕೊಲಂಬಿಯಾ ನದಿಯ ಮೇಲೆ ಕರೆದೊಯ್ಯುತ್ತಾನೆ. ಹರಿವಿನ ರಭಸಕ್ಕೆ ತಾನೇ ತಿರುಗುತ್ತ ಮೀನನ್ನು ಮೊಗೆದೆತ್ತುವ ಚಕ್ರ. ಆ ಮೀನನ್ನು ಕತ್ತರಿಸಿ ಡಬ್ಬಿಗೆ ತುಂಬುವ ಕಾರ್ಖಾನೆ. ಅಲ್ಲಿ ರಕ್ತದ ನಡುವೆ ದುಡಿಯುವ ಚೀನೀ ಕೂಲಿಗಳು. ಯಂತ್ರದ ಕ್ರೌರ್ಯವನ್ನು ಕಂಡ ಕಣ್ಣಿಗೆ ಆ ಕೂಲಿಗಳು ಮನುಷ್ಯರಾಗಿ ಕಾಣಲಿಲ್ಲವೆಂಬುದು ಬೇರೆ ಮಾತು. ಅಲ್ಲಿಂದ ಅಸಹ್ಯಪಟ್ಟು ಹೊರಬಿದ್ದವನು ಕೆಲವೇ ಪುಟಗಳಲ್ಲಿ ಕ್ಲಾಕಮಸ್ ಹೊಳೆಯ ತಿಳಿನೀರಿನೆದುರು ಗಾಳದ ಕೋಲು ಹಿಡಿದು ನಿಂತಿರುತ್ತಾನೆ. ಮೂವತ್ತೇಳು ನಿಮಿಷಗಳ ಹೋರಾಟ; ಹನ್ನೊಂದೂವರೆ ಪೌಂಡಿನ ಸಾಲ್ಮನ್. ದಾರ ಬಿಗಿಯುವಾಗ ವಾಕ್ಯವೂ ಬಿಗಿಯುತ್ತದೆ, ಸಡಿಲುವಾಗ ವಾಕ್ಯವೂ ಸಡಿಲುತ್ತದೆ. ಗಾಳವನ್ನು ಕೈಯಿಂದ ಮುಟ್ಟದವರೂ ಉಸಿರು ಬಿಗಿಹಿಡಿದು ಓದುತ್ತಾರೆ.

ಲೇಖಕನ ಚಾತುರ್ಯವಿರುವುದು ಈ ಜೋಡಣೆಯಲ್ಲಿ. ಕಾರ್ಖಾನೆಯ ಕೊಳಕನ್ನು ಕಂಡು ಬಂದವರಿಗೆ ಗಾಳದ ಆಟ ನಿರ್ಮಲವಾಗಿ, ಧರ್ಮಯುದ್ಧದಂತೆ ತೋರುತ್ತದೆ. ಅಲ್ಲಿ ಮೀನು ಸರಕು, ಇಲ್ಲಿ ಮೀನು ಸಮಬಲದ ಎದುರಾಳಿ. ಮೂರನೆಯ ಬಗೆಯೊಂದಿರಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ. ಆದರೆ ಕ್ಲಾಕಮಸ್ ಎಂಬ ಹೆಸರನ್ನೇ ನೋಡಿ. ಅದು ಆ ದಡದಲ್ಲಿ ಸಾಲ್ಮನ್ ಹಿಡಿದು ಬಾಳುತ್ತಿದ್ದ ಮೂಲನಿವಾಸಿಗಳ ಹೆಸರು. 1855ರ ಒಪ್ಪಂದದ ತರುವಾಯ ಅವರನ್ನು ಗ್ರಾಂಡ್ ರೋಂಡ್ ಮೀಸಲು ಪ್ರದೇಶಕ್ಕೆ ಸಾಗಿಸಲಾಗಿತ್ತು. ಕಿಪ್ಲಿಂಗ್ ಕಂಡ ಏಕಾಂತ ಪ್ರಕೃತಿಯ ವರವಲ್ಲ. ಸುಮಾರು ಮೂರು ದಶಕಗಳ ಹಿಂದೆ ಸರ್ಕಾರ ತೆರವು ಮಾಡಿಸಿದ ಜಾಗ.

ಪ್ರವಾಸಿಗೆ ಇದೆಲ್ಲ ತಿಳಿದಿರಬೇಕಿತ್ತೆಂದು ನಾನು ಹಟ ಮಾಡುವುದಿಲ್ಲ. ಆದರೆ ಆಗಲೂ ಕೊಲಂಬಿಯಾದ ಮೇಲ್ಭಾಗದ ಸೆಲೈಲೋ ಜಲಪಾತದಲ್ಲಿ, ಬಂಡೆಗಳಿಂದ ಚಾಚಿದ ಮರದ ಅಟ್ಟಗಳ ಮೇಲೆ ನಿಂತು, ಉದ್ದ ಕೋಲಿನ ಬಲೆಗಳಿಂದ ಜನ ಸಾಲ್ಮನ್ ಎತ್ತುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕೆಂಬುದು ಮನೆತನದಿಂದ ಬಂದ ಹಕ್ಕು. ವರ್ಷದ ಮೊದಲ ಮೀನಿಗೆ ಗೌರವ ಸಲ್ಲಿಸಿ, ಎಲ್ಲರೂ ಹಂಚಿ ಉಂಡು, ಆಮೇಲಷ್ಟೇ ಉಳಿದ ಬೇಟೆ. ಒಬ್ಬನೇ ನಾಯಕ, ಒಂದೇ ಮೀನು ಎಂಬ ಕಥಾಸೂತ್ರಕ್ಕೆ ಈ ಪಂಕ್ತಿಭೋಜನ ಒಗ್ಗುವುದಿಲ್ಲ.

ಸಾಹಿತ್ಯದ ಮರೆವು ಸಾಹಿತ್ಯದಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ವಾಡಿಕೆಯ ಸ್ಥಳಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಆ ಪ್ರಾಂತದ ಹಲವು ಒಪ್ಪಂದಗಳು ಬರೆದುಕೊಟ್ಟಿದ್ದರೂ, ಅದನ್ನು ಬಳಸಿದವರು ಇಪ್ಪತ್ತನೆಯ ಶತಮಾನದಲ್ಲಿ ಸೆರೆಮನೆ ಕಂಡರು. ಕೊಲಂಬಿಯಾದ ಜನರಿಗೆ ನ್ಯಾಯವಾದ ಪಾಲು ಸಲ್ಲಬೇಕೆಂದು ನ್ಯಾಯಾಧೀಶ ಬೆಲೋನಿ ತೀರ್ಪಿತ್ತದ್ದು 1969ರಲ್ಲಿ. ವಾಷಿಂಗ್ಟನ್ ರಾಜ್ಯದಲ್ಲಿ ಆ ಪಾಲು ಅರ್ಧವೆಂದು 1974ರಲ್ಲಿ ನ್ಯಾಯಾಧೀಶ ಬೋಲ್ಟ್ ಹೇಳಿದಾಗ ರೊಚ್ಚಿಗೆದ್ದವರಲ್ಲಿ ಬಲೆಯ ವ್ಯಾಪಾರಿಗಳಷ್ಟೇ ಅಲ್ಲ, ಗಾಳದ ರಸಿಕರೂ ಇದ್ದರು. ಖಾಲಿ ಹೊಳೆಯ ಕಥೆಗಳನ್ನು ಓದಿ ಬೆಳೆದವರಿಗೆ, ಅದರಲ್ಲಿ ಇನ್ನೊಬ್ಬರಿಗೆ ಪಾಲುಂಟೆಂದರೆ ಕಳ್ಳತನದಂತೆ ಕೇಳಿಸಿದ್ದು ಆಶ್ಚರ್ಯವಲ್ಲ.

ಗಾಳದವರೆಲ್ಲ ಹೀಗೆಯೆ ಎಂದರೆ ಅನ್ಯಾಯವಾದೀತು. ಕೆನಡದ ರೊಡೆರಿಕ್ ಹೈಗ್-ಬ್ರೌನ್ ಗಾಳದ ವ್ಯಸನಿ. ಆದರೂ 1941ರ ‘ರಿಟರ್ನ್ ಟು ದಿ ರಿವರ್’ ಕಾದಂಬರಿಯಲ್ಲಿ ಅವನು ಗಾಳಗಾರನನ್ನು ಬದಿಗಿಟ್ಟು ಸಾಲ್ಮನ್ನಿನ ಬಾಳನ್ನೇ ಕಥೆಯಾಗಿಸಿದ. ಕಿಪ್ಲಿಂಗನ ಮೀನು ನೀರಿನಿಂದ ಮೇಲೆದ್ದ ಕ್ಷಣದಲ್ಲಿ ಹುಟ್ಟಿ ತಕ್ಕಡಿಯ ಮೇಲೆ ಮುಗಿಯುತ್ತದೆ. ಹೈಗ್-ಬ್ರೌನನ ಮೀನಿಗೆ ಹುಟ್ಟಿದ ತೊರೆಯಿದೆ, ಕಡಲಿದೆ, ಹಿಂತಿರುಗುವ ದಾರಿಯಿದೆ. ಗದ್ಯದ ಮಿಂಚು ಕಿಪ್ಲಿಂಗನಲ್ಲೇ ಹೆಚ್ಚು. ನದಿಯ ಅರಿವು ಇವನಲ್ಲಿ ಹೆಚ್ಚು.

ಈಗ ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವುದೇ ಸಜ್ಜನಿಕೆಯೆಂದು ಗಾಳದ ಲೋಕ ಹೇಳುತ್ತದೆ. ಕಾಡುಮೀನುಗಳು ಕ್ಷೀಣಿಸಿರುವಾಗ ಅದು ಒಳ್ಳೆಯದೇ ಇರಬಹುದು. ಆದರೆ ಉಣ್ಣದ ಮೀನನ್ನು ಬಳಲಿಸುವುದು ಎಂಥ ಮರ್ಯಾದೆ ಎಂದು ಅಲ್ಲಿಯ ಮೂಲನಿವಾಸಿಗಳಲ್ಲಿ ಅನೇಕರು ಕೇಳುತ್ತಾರೆ. ಗಾಳದ ಗ್ರಂಥರಾಶಿಯಲ್ಲಿ ಈ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿಲ್ಲ. ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳು 1957ರ ಮಾರ್ಚ್ 10ರಂದು ಮುಚ್ಚಿದಾಗ ಸೆಲೈಲೋ ಜಲಪಾತ ಕೆಲವೇ ಗಂಟೆಗಳಲ್ಲಿ ಮುಳುಗಿಹೋಯಿತು. ಅದರ ದಡದ ಹಳ್ಳಿಯಲ್ಲಿ ಮೊದಲ ಸಾಲ್ಮನ್ನಿನ ಊಟ ಆಮೇಲೂ ವಸಂತದಲ್ಲಿ ನಡೆದುಬಂದಿದೆ.